ಕಾಳಿಂಗನ ಕೆಳಗಿನ ಸಿಂಗಲ್ಲು

ಒಂದು ಒಗಟು. ತೂತಿದೆ, ವಡೆಯಲ್ಲ. ಕೃಷ್ಣ ಅದರ ಮೇಲೆ ಕುಣಿಯುತ್ತಾನೆ, ನಮ್ಮ ಪಕ್ಕದ ಮನೆ ತಾತ ಅದರೊಳಗೆ ಕಿರುಚುತ್ತಾರೆ. ಏನು ಹೇಳಿ?

ಗೊತ್ತಾಗಲ್ಲ, ಬಿಡಿ. ಸ್ಯಾನ್ ಹೊಸೆಯ ನಮ್ಮ ಬೀದಿಯಲ್ಲಿ ಇಂಥದ್ದು ಆಗುತ್ತಲೇ ಇರುತ್ತೆ. ಆದಾಗಲೆಲ್ಲ ಅಮ್ಮ ಮೊದಲು ನನ್ನ ಮುಖ ನೋಡುತ್ತಾಳೆ. ನಾನು ಆರನೇ ಕ್ಲಾಸಿನವರೆಗೆ ಬೆಂಗಳೂರಲ್ಲಿ ಕನ್ನಡ ಮೀಡಿಯಂ ಓದಿದವನು. ಇಲ್ಲಿ ಹೈಸ್ಕೂಲು ಅರ್ಧಕ್ಕೆ ನಿಂತಿದೆ. ಶಾಲೆಯನ್ನು ನಾನು ಬಿಟ್ಟೆನೋ, ಶಾಲೆ ನನ್ನನ್ನು ಬಿಟ್ಟಿತೋ ಅನ್ನೋದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

೧. ಗ್ಯಾರೇಜು

ನಾನೂ ಇಬ್ಬರು ಗೆಳೆಯರೂ ಮನೆಯ ಕಾರ್ ಶೆಡ್ಡಿನಲ್ಲಿ ಗಿಟಾರು, ಡ್ರಮ್ಮು ಬಡಿಯುತ್ತೇವೆ. ಶೆಡ್ಡಿಗೆ ಇಲ್ಲಿ ಗ್ಯಾರೇಜು ಅಂತಾರೆ, ಹಾಗಾಗಿ ನಮ್ಮದು ಗ್ಯಾರೇಜ್ ಬ್ಯಾಂಡು. ಬಾರಿಸೋಕೆ ಬರಬೇಕು ಅಂತೇನಿಲ್ಲ, ಜೋರಾಗಿ ಬಾರಿಸಬೇಕು ಅಷ್ಟೆ.

ಬಸವನಗುಡಿಯಿಂದ ಮಾವ ಫೋನ್ ಮಾಡಿ, ಹುಡುಗ ಏನು ಮಾಡ್ತಿದಾನೆ ಅಂತ ಕೇಳಿದರು. ಅಮ್ಮ ನಿಟ್ಟುಸಿರು ಬಿಟ್ಟು, "ಇಡೀ ದಿನ ಗ್ಯಾರೇಜಲ್ಲೇ ಬಿದ್ದಿರ್ತಾನೆ" ಅಂದಳು.

"ಹೋಗ್ಲಿ ಬಿಡು, ಕೈಕೆಲಸ ಯಾವತ್ತಿದ್ರೂ ಅನ್ನ ಹಾಕುತ್ತೆ. ಫೋನ್ ಕೊಡು ಅವನಿಗೆ" ಅಂದರು ಮಾವ.

"ನನ್ನ ಸ್ಕೂಟರು ಬೆಳಿಗ್ಗೆ ಸ್ಟಾರ್ಟೇ ಆಗಲ್ಲ ಕಣೋ. ಏನಿರಬಹುದು?"

"ಸದ್ದು ಹೇಗೆ ಬರುತ್ತೆ ಮಾವ?"

ಮಾವ ಬಾಯಲ್ಲೇ ಮಾಡಿ ತೋರಿಸಿದರು. ತುಂಬ ಚೆನ್ನಾಗಿತ್ತು. ಸ್ಪೀಕರಿಗೆ ಹಾಕಿ ಇನ್ನೊಂದು ಸಲ ಮಾಡಿಸಿದೆ, ಡ್ರಮ್ಮಿನವನು ತಾಳ ಹಿಡಿದ. ಕೊನೆಗೆ ಬಾಯಿಗೆ ಬಂದದ್ದು ಅಂದೆ: "ಪ್ಲಗ್ ತೆಗೆದು ಒರೆಸಿ ನೋಡಿ." ಸ್ಟಾರ್ಟ್ ಆಯಿತಂತೆ. ಹೋದ ಸಲ ಊರಿಗೆ ಮದುವೆಗೆ ಹೋದರೆ, ಛತ್ರದ ಮುಂದೆ ನೆಂಟರೆಲ್ಲ ಕಾರಿನ ಬಾನೆಟ್ ಎತ್ತಿಕೊಂಡು ನನ್ನನ್ನೇ ಕಾಯುತ್ತಿದ್ದರು.

೨. ಕಂಪ್ಲೇಂಟು

ಒಂದು ಮಧ್ಯಾಹ್ನ ಪಕ್ಕದ ಮನೆಯ ಬಿಳಿ ತಾತ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಒಂಟಿ ಜೀವ, ಬಿಳಿ ಗಡ್ಡ, ಮುಖದಲ್ಲಿ ನಗು ಇಲ್ಲ. ಗಿಟಾರಿನವನು ಆಗಲೇ ವೈರು ಕೀಳುತ್ತಿದ್ದ.

"ಸಾರಿ, ಸದ್ದು ಕಡಿಮೆ ಮಾಡ್ತೀವಿ" ಅಂದೆ.

"ಯಾಕೆ? ನೀವು ತೀರಾ ನೀಟಾಗಿ ಬಾರಿಸ್ತಿದೀರಾ, ಅದನ್ನ ಹೇಳೋಣ ಅಂತ ಬಂದೆ" ಅಂದರು.

ಅರವತ್ತರ ದಶಕದಲ್ಲಿ, ಇಲ್ಲೆಲ್ಲ ಏಪ್ರಿಕಾಟ್ ತೋಟವಿದ್ದಾಗ, ಇವರೂ ಮೂವರು ಗೆಳೆಯರೂ 'ಏಪ್ರಿಕಾಟ್ ಪಿಟ್ಸ್' ಅಂತ ಬ್ಯಾಂಡು ಕಟ್ಟಿದ್ದರಂತೆ. ಪಿಟ್ಸ್ ಅಂದರೆ ಹಣ್ಣು ತಿಂದ ಮೇಲೆ ಉಗಿಯೋ ಬೀಜ. ಒಂದೇ ಒಂದು ಸಿಂಗಲ್ಲು ಹೊರಬಂತು. ಸಿಂಗಲ್ಲು ಅಂದರೆ ಪುಟ್ಟ ಕರೀ ರೆಕಾರ್ಡು. ನಡುವೆ ದೊಡ್ಡ ತೂತು, ಮಗ್ಗುಲಿಗೊಂದು ಹಾಡು. ಅಚ್ಚು ಹಾಕಿಸಿದ ಕಂಪನಿ ಊರಿನ ಹಲ್ಲಿನ ಡಾಕ್ಟರದ್ದು. ಆಮೇಲೆ ಡಾಕ್ಟರು ಕಂಪನಿ ಮುಚ್ಚಿ, "ಹಲ್ಲು ಕೀಳೋದೇ ವಾಸಿ. ಅಲ್ಲೂ ಕಿರುಚ್ತಾರೆ, ಆದರೆ ಫೀಸು ಕೊಟ್ಟು ಹೋಗ್ತಾರೆ" ಅಂದರಂತೆ.

"ನೀವು ಏನು ಬಾರಿಸ್ತಿದ್ರಿ ತಾತ?"

"ಬಾರಿಸ್ತಿರಲಿಲ್ಲ. ಹಾಡಿನ ಮಧ್ಯ ಒಂದು ಸಲ ಕಿರುಚ್ತಿದ್ದೆ."

ತಮ್ಮ ಪಾಲಿನ ರೆಕಾರ್ಡನ್ನು ಯಾರೋ ಹುಡುಗಿಗೆ ಕೊಟ್ಟರಂತೆ. ಹುಡುಗಿಯೂ ಹೋದಳು, ಅದೂ ಹೋಯಿತು. ಅಂದಿನಿಂದ ಹುಡುಕುತ್ತಲೇ ಇದ್ದಾರೆ. ಆ ಕಿರುಚು ಇನ್ನೊಂದೇ ಸಲ ಕೇಳಬೇಕು, ಅಷ್ಟೇ ಆಸೆ.

"ಈಗಲೇ ಒಂದು ಸಲ ಕಿರುಚಿಬಿಡಿ" ಅಂದೆ. ಪ್ರಯತ್ನ ಮಾಡಿದರು. ಕೆಮ್ಮು ಬಂತು.

೩. ಸಾಕ್ಷಿ

ಬರ್ಕ್ಲಿಯಲ್ಲಿ ಹಳೇ ರೆಕಾರ್ಡ್ ಮಾರುವ ಅಂಗಡಿಯೊಂದಿದೆ ಅಂತ ತಾತನ ಜೊತೆ ಹೋದೆ. ಕೌಂಟರಿನವನಿಗೆ ನನಗಿಂತ ಸ್ವಲ್ಪ ದೊಡ್ಡ ವಯಸ್ಸು, ಆದರೆ ತಾನೇ ಆ ಕಾಲವನ್ನು ಹೆತ್ತವನ ಹಾಗೆ ಮಾತು.

"ಏಪ್ರಿಕಾಟ್ ಪಿಟ್ಸಾ? ಅದು ಬರೀ ಕಟ್ಟುಕಥೆ ಸರ್. ಅಂಥ ಬ್ಯಾಂಡು ಇರಲೇ ಇಲ್ಲ."

"ನಾನೇ ಇದ್ದೆನಲ್ಲ ಅದರಲ್ಲಿ" ಅಂದರು ತಾತ.

"ಹಾಗಂತ ಬರೋರು ಬೇಕಾದಷ್ಟು ಜನ ಇದಾರೆ. ಎಲ್ಲರೂ ಕಿರುಚಿದ್ದು ನಾನೇ ಅಂತಾರೆ."

ವಾಪಸು ಬರುವಾಗ ರೈಲು ಓಕ್ಲ್ಯಾಂಡ್ ದಾಟಿದ ಮೇಲೆ ತಾತ ಮೆಲ್ಲಗೆ ಕೇಳಿದರು: "ಬೇರೆ ಯಾರಪ್ಪ ಬಂದಿದ್ದು?"

೪. ಸಿಂಗಲ್ ಬೇಕಾಗಿದೆ

ತಾತ ಸಪ್ಪಗಿರುವುದನ್ನು ಅಮ್ಮ ಕಿಟಕಿಯಿಂದ ನೋಡಿದಳು. "ಏನಂತೋ ಪಾಪ?"

"ಸಿಂಗಲ್ ಹುಡುಕ್ತಿದಾರೆ. ಎಷ್ಟೋ ವರ್ಷದಿಂದ. ಸಿಕ್ಕಿಲ್ಲ."

ಅಮ್ಮನ ಮುಖ ಅರಳಿತು. ಅವಳಿಗೆ ಏನು ಅರ್ಥವಾಯಿತು ಅಂತ ನನಗೂ ಆ ಕ್ಷಣವೇ ಅರ್ಥವಾಯಿತು. ತಿದ್ದಬಹುದಿತ್ತು. ಆದರೆ ಅವಳು ಆಗಲೇ ಫೋನು ತೆಗೆದು ನಮ್ಮ ಕನ್ನಡದವರ ಗ್ರೂಪು ತೆರೆದು, "ಡೀಟೇಲ್ಸ್ ಹೇಳು" ಅಂದಳು. ಒಂದು ಸುಳ್ಳೂ ಸೇರಿಸದೆ ಹೇಳಿದೆ. ಅವಳು ಬರೆದಳು:

"ಪಕ್ಕದ ಮನೆಯ ಹಿರಿಯರಿಗೆ ಸಿಂಗಲ್ ಬೇಕಾಗಿದೆ. ಅರವತ್ತರ ದಶಕದ್ದೇ ಆಗಬೇಕು. ಮೇಲೆ ಗೀರು ಇದ್ದರೂ ಅಡ್ಡಿಯಿಲ್ಲ. ಮೊದಲು ಯಾರ ಮನೆಯಲ್ಲಿದ್ದರೂ ಪರವಾಗಿಲ್ಲ. ಸದ್ದು ಚೆನ್ನಾಗಿದ್ದರೆ ಸಾಕು."

ಗ್ರೂಪು ಹೊತ್ತಿಕೊಂಡಿತು. ಒಬ್ಬರು ಗೋತ್ರ ಕೇಳಿದರು. ಇನ್ನೊಬ್ಬರು, "ನಮ್ಮ ಅತ್ತೆಯ ಸದ್ದು ಬಹಳ ಚೆನ್ನಾಗಿದೆ, ದಯವಿಟ್ಟು ಕರೆದುಕೊಂಡು ಹೋಗಿ" ಅಂತ ಬರೆದರು.

೫. ಉಪ್ಪಿಟ್ಟು, ಕೇಸರಿಬಾತು

ಭಾನುವಾರ ಫ್ರೀಮಾಂಟಿನಿಂದ ಒಬ್ಬ ಆಂಟಿ ಬಂದರು. ಮೈಸೂರಲ್ಲಿ ಲೆಕ್ಕದ ಮೇಡಂ ಆಗಿದ್ದವರು, ಮದುವೆಯಾಗಿಲ್ಲ, ಇಲ್ಲಿ ತಂಗಿಯ ಮನೆಯಲ್ಲಿದ್ದಾರೆ. "ನೋಡಕ್ಕೆ ಬಂದಿದೀನಿ, ಒಪ್ಪಕ್ಕಲ್ಲ" ಅಂತ ಬಾಗಿಲಲ್ಲೇ ಹೇಳಿ ಒಳಗೆ ಬಂದರು. ಅಮ್ಮ ಉಪ್ಪಿಟ್ಟು, ಕೇಸರಿಬಾತು ಇಟ್ಟಳು. ತಾತನಿಗೆ ಮಾತ್ರ, ಸಿಂಗಲ್ ಇರೋರು ಬಂದಿದಾರೆ ಅಂತ ನಾನು ಹೇಳಿ ಕರೆತಂದಿದ್ದೆ.

"ಕಂಡೀಶನ್ ಹೇಗಿದೆ?" ತಾತ ಕೂತವರೇ ಕೇಳಿದರು.

"ಮಂಡಿ ನೋವೊಂದು ಬಿಟ್ಟರೆ ಚೆನ್ನಾಗಿದೆ."

"ಯಾವ ವರ್ಷದ್ದು?"

"ಅದನ್ನ ಕೇಳಬಾರದು."

"ಮುಂಚೆ ಯಾರ ಹತ್ತಿರ ಇತ್ತು?"

ಆಂಟಿ ಚಮಚ ಕೆಳಗಿಟ್ಟರು. "ನಾನು ಮರ್ಯಾದಸ್ಥರ ಮನೆಯವಳು. ಪ್ರತಿ ದಸರಾಕ್ಕೂ ಗೊಂಬೆ ಕೂರಿಸ್ತೀನಿ. ನೋಡಿ ಬೇಕಾದರೆ" ಅಂತ ಫೋನಿನಲ್ಲಿ ಫೋಟೋ ತೋರಿಸಿದರು. ಪಟ್ಟದ ಗೊಂಬೆ, ಶೆಟ್ಟಿ ಅಂಗಡಿ, ಕಾಳಿಂಗನ ಹೆಡೆಯ ಮೇಲೆ ಕುಣಿಯೋ ಕೃಷ್ಣ. ಕಾಳಿಂಗನ ಕೆಳಗೆ ಗುಂಡಗೆ, ಕಪ್ಪಗೆ ಹೊಳೆಯುವ ಯಮುನೆ.

ನಾನು ಫೋಟೋ ದೊಡ್ಡದು ಮಾಡಿದೆ. ಯಮುನೆಗೆ ತೂತಿತ್ತು, ತೂತಿನೊಳಗೆ ಕಾಳಿಂಗನ ಬಾಲವಿತ್ತು. ಬಾಲದ ಸುತ್ತ ಕಿತ್ತಳೆ ಬಣ್ಣದ ಚೀಟಿಯಲ್ಲಿ 'ಏಪ್ರಿಕಾಟ್ ಪಿ' ಅಂತ ಬರೆದಿತ್ತು.

"ಈ ಹೊಳೆ ಎಲ್ಲಿ ಸಿಕ್ತು ಆಂಟಿ?"

"ಯಾರದೋ ಮನೆಯ ಗ್ಯಾರೇಜ್ ಸೇಲಲ್ಲಿ, ಮಾರಕ್ಕಿಟ್ಟ ಹಳೇ ಸಾಮಾನಿನ ರಾಶಿಯಲ್ಲಿ. ತಟ್ಟೆ ಚೆನ್ನಾಗಿತ್ತು, ಯಾರೋ ಪೆದ್ದರು ತೂತು ಮಾಡಿದ್ದರು."

ತಾತ ಫೋಟೋ ನೋಡಿ ಎದ್ದು ನಿಂತು, ಆಂಟಿಯ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು.

"ಇಷ್ಟು ಬೇಗ ಬೇಡ" ಅಂದರು ಆಂಟಿ.

೬. ಕಿರುಚು

ಎಲ್ಲರೂ ಅವತ್ತೇ ಫ್ರೀಮಾಂಟಿಗೆ ಹೋದೆವು. ಆಂಟಿ ಅಂಟು ಹಾಕಿ ಕೂರಿಸಿದ್ದ ಕಾಳಿಂಗನನ್ನು ದೋಸೆ ಮಗುಚೋ ಕೈಯಿಂದ ಎಬ್ಬಿಸಿ, ರೆಕಾರ್ಡ್ ಒರೆಸಿ ಕೊಟ್ಟರು. ತಾತನ ಮನೆಗೆ ತಂದು ಹಾಕಿದೆವು. ಮೊದಲು ರಂಗೋಲಿ ಪುಡಿಯ ಚರಚರ, ಆಮೇಲೆ ಗಿಟಾರು, ಆಮೇಲೆ ಬಂತು ಕಿರುಚು. ಸರಿಯಾಗಿ ಅಲ್ಲೇ ಅಂಟಿನ ಉಂಡೆಯೊಂದಿತ್ತು. ಮುಳ್ಳು ಸಿಕ್ಕಿಕೊಂಡಿತು. ಆ, ಆ, ಆ, ಆ ಅಂತ ನಿಲ್ಲದೆ ಕಿರುಚು. ಬೀದಿಯವರೆಲ್ಲ ಹೊರಗೆ ಬಂದರು. ಯಾರೋ ಫೈರ್ ಇಂಜಿನ್ನಿನವರಿಗೆ ಫೋನ್ ಮಾಡಿದರು, ಅವರು ಪೈಪು ಹಿಡಿದು ಬಾಗಿಲಲ್ಲಿ ನಿಂತರು. ತಾತ ಎಲ್ಲರಿಗೂ "ಅದು ನಾನು, ಅದು ನಾನು" ಅಂತ ಹೇಳುತ್ತಲೇ ಇದ್ದರು. ಆಂಟಿ ಕಿವಿ ಮುಚ್ಚಿಕೊಂಡು, "ಒಂದು ಸಲ ಅಂದಿದ್ದರಲ್ಲ ಇವರು" ಅಂದರು.

ಚೆನ್ನಾಗಿದೆಯಲ್ಲ? ಈ ಕೊನೆ ನಾನೇ ಕಟ್ಟಿದ್ದು. ಫ್ರೀಮಾಂಟಿಗೆ ಹೋಗಿದ್ದು ನಿಜ, ಕಾಳಿಂಗ ಮಾತ್ರ ಏಳಲಿಲ್ಲ. "ಕೃಷ್ಣನ ಕಾಲ ಕೆಳಗಿಂದ ಹೊಳೆ ಎಳೀಬಾರದು, ಅಂಟು ತಾನಾಗೇ ಬಿಡಲಿ" ಅಂದುಬಿಟ್ಟರು ಆಂಟಿ. ಬಿಟ್ಟಿದೆಯಾ ಅಂತ ನೋಡಿ ಬರೋಕೆ ತಾತ ಪ್ರತಿ ಶನಿವಾರ ಗಡ್ಡ ಟ್ರಿಮ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗುತ್ತಾರೆ. ಸಂಜೆ ವಾಪಸು ಬಂದಾಗ ಬೇಲಿಯ ಮೇಲಿಂದ ಕೇಳುತ್ತೇನೆ, "ಬಿಡ್ತಾ ತಾತ?"

"ಇನ್ನೂ ಇಲ್ಲ" ಅಂತಾರೆ, ಬಹಳ ಖುಷಿಯಾಗಿ.

ಅಮ್ಮ ಕಿಟಕಿಯಲ್ಲಿ ನಿಂತು ನನ್ನನ್ನೇ ನೋಡುತ್ತಾಳೆ. "ನಾನು ಗ್ರೂಪಲ್ಲಿ ಹಾಕಿದ್ದರಲ್ಲಿ ಏನು ತಪ್ಪಿತ್ತು ಹೇಳೋ?"