ಸರಿಸಮ ಎತ್ತರದ ಜೊತೆಗಾರ

ಲೈಬ್ರರಿ ಮೇಷ್ಟ್ರನ್ನು ಆ ದಿನ ಸಿಕ್ಕಿಹಾಕಿಸಿದ್ದು ಅವರ ಎತ್ತರ. ಎತ್ತರ ಎನ್ನುವುದಕ್ಕಿಂತ ಅದರ ಕೊರತೆ ಎನ್ನಬೇಕು. ಮೇಲಿನ ಕಪಾಟಿನ ಪುಸ್ತಕ ತೆಗೆಯಲು ಅವರು ಸ್ಟೂಲು ಹತ್ತುತ್ತಿದ್ದರು. ಸ್ಟೂಲು ಸಿಗದಿದ್ದರೆ "ಅದ್ಯಾಕೆ ಮರಿ, ಇದನ್ನ ಓದು, ಇನ್ನೂ ಚೆನ್ನಾಗಿದೆ" ಎಂದು ಕೆಳಗಿನ ಕಪಾಟಿನದನ್ನೇ ಕೊಟ್ಟುಬಿಡುತ್ತಿದ್ದರು. ಭಗವಂತ ಅಳೆದು ಕೊಟ್ಟದ್ದರ ಬಗ್ಗೆ ಅವರಿಗೆ ಎಂದೂ ತಕರಾರಿರಲಿಲ್ಲ.

ಅಂದು ಶಾಲೆಯಲ್ಲಿ ವಸಂತದ ಆಟೋಟ. ಮೈದಾನದ ಸುತ್ತಲ ಮರಗಳೆಲ್ಲ ಹೊಸ ಎಲೆ ತೊಟ್ಟು ನಿಂತಿದ್ದವು. ಈ ವರ್ಷ ಯಾವ ಮಗುವೂ ಮರದಡಿ ಕೂತು ಬರೀ ಚಪ್ಪಾಳೆ ತಟ್ಟಬಾರದು, ಎಲ್ಲರೂ ಆಡಲೇಬೇಕು ಎಂದು ಹೆಡ್ ಮೇಡಂ ಪಟ್ಟುಹಿಡಿದಿದ್ದರು. ಗಾಲಿಕುರ್ಚಿಯ ಹುಡುಗ ಆಗಲೇ ಚೆಂಡನ್ನು ಎಸೆದು ಆಫೀಸಿನ ಹೆಂಚು ಒಡೆದು ಬೀಗುತ್ತಿದ್ದ. ಕಿವಿ ಕೇಳದ ಮಕ್ಕಳಿಗೆಂದು ಸೀಟಿಯ ಜೊತೆಗೆ ಕೆಂಪು ಬಾವುಟವೂ ಬಂದಿತ್ತು.

ಉಳಿದದ್ದು ಏಳನೇ ತರಗತಿಯ ಹುಡುಗಿ ಮಿಂಚುಳ್ಳಿಯ ಓಟ. ಆ ಹೆಸರಿಟ್ಟವರು ಅವಳ ಅಜ್ಜಿ. ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ. ಹೋದ ಎರಡು ವರ್ಷ ಆಟೋಟದ ದಿನ ಅವಳಿಗಿದ್ದ ಕೆಲಸ ಉಳಿದವರ ಚಪ್ಪಲಿ ಕಾಯುವುದು. ಈ ಸಲ ಅಕ್ಕನ ಮಣಿಕಟ್ಟಿಗೂ ತನ್ನದಕ್ಕೂ ಬಟ್ಟೆಯ ಪಟ್ಟಿ ಕಟ್ಟಿಕೊಂಡು ದಿನಾ ಬೆಳಿಗ್ಗೆ ಓಡಿ ಪಳಗಿದ್ದಳು. ಆದರೆ ಅಕ್ಕ ಆ ಬೆಳಿಗ್ಗೆಯೇ ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡು ಕೂತಳು. ಪಾದ ಬನ್ನಿನ ಹಾಗೆ ಊದಿತ್ತು.

"ನಾನು ಓಡ್ತೀನಿ ಬಿಡಿ" ಎಂದರು ಬಾಗಿಲ ಚೌಕಟ್ಟಿಗೆ ತಲೆ ತಾಗುವಂತಿದ್ದ ಡ್ರಿಲ್ ಮೇಷ್ಟ್ರು.

"ನೀವು ಕೈ ಬೀಸಿದ್ರೆ ಮಗು ಗಾಳೀಲಿ ತೂಗಾಡುತ್ತೆ" ಎಂದರು ಲೆಕ್ಕದ ಮೇಡಂ. "ಕೈಗೆ ಕೈ ಸಮ ಇರ್ಬೇಕು. ಅವಳಷ್ಟೇ ಎತ್ತರದವರು ಬೇಕು."

ಅವಳಷ್ಟೆತ್ತರದ ಮಕ್ಕಳೆಲ್ಲ ಅದೇ ಓಟದಲ್ಲಿದ್ದರು. ಸ್ಟಾಫ್ ರೂಮಿನ ಕಣ್ಣುಗಳು ಒಂದೊಂದಾಗಿ ಕೆಳಗಿಳಿದು ಲೈಬ್ರರಿ ಮೇಷ್ಟ್ರ ಮೇಲೆ ನಿಂತವು.

"ನನಗೆ ಮಂಡಿ..." ಎಂದರು ಮೇಷ್ಟ್ರು.

"ಮಂಡಿ ಎಲ್ಲರಿಗೂ ಇರುತ್ತೆ ಸಾರ್" ಎಂದ ವಿಜ್ಞಾನದ ಮೇಷ್ಟ್ರು ಅವರನ್ನು ಗೋಡೆಗೆ ನಿಲ್ಲಿಸಿ, ಹುಡುಗಿಯನ್ನೂ ಕರೆಸಿ ನಿಲ್ಲಿಸಿ, ಇಬ್ಬರ ನೆತ್ತಿಯ ಮೇಲೂ ಸೀಮೆಸುಣ್ಣ ಎಳೆದರು. ಗೆರೆ ಒಂದೇ! ರೂಮಿನಲ್ಲಿ ಸಂಬಂಧ ಕುದುರಿದಷ್ಟು ಸಂಭ್ರಮ.

ಮೇಷ್ಟ್ರು ಹೆಡ್ ಮೇಡಂ ಬಳಿ ಓಡಿದರು. ಅಂದು ಅವರು ಮನಸಾರೆ ಓಡಿದ್ದು ಅದೊಂದೇ ಸಲ.

"ಬಲವಂತ ಇಲ್ಲ ಸಾರ್" ಎಂದರು ಹೆಡ್ ಮೇಡಂ ತಣ್ಣಗೆ. "ಆದ್ರೆ ಈ ಸಲಾನೂ ಚಪ್ಪಲಿ ಕಾಯ್ಬೇಕು ಅಂತ ಅವಳಿಗೆ ನೀವೇ ಹೇಳಿ."

ಹುಡುಗಿ ಜಗಲಿಯಲ್ಲಿ ಕೂತು ಶೂ ದಾರ ಬಿಗಿಯುತ್ತಿದ್ದಳು. ಹೆಜ್ಜೆ ಸದ್ದಿಗೆ ಮುಖವೆತ್ತಿ "ಕೊನೆಗೆ ಯಾರು ಸಾರ್ ನನ್ನ ಜೊತೆ?" ಎಂದಳು. ಯಾರೂ ಇಲ್ಲ ಎನ್ನಲು ಬಾಯಿ ತೆರೆದವರ ಬಾಯಿಂದ "ನಾನೇ ಮರಿ" ಎಂದು ಬಂತು. ಹೇಳಿದವರು ಯಾರೆಂದು ಅವರೇ ಒಮ್ಮೆ ಹಿಂದಿರುಗಿ ನೋಡಿದರು.

ಆಮೇಲೆ ಸಲಹೆಗಳ ಸುರಿಮಳೆ. "ಮೂಗಲ್ಲಿ ಎಳೀರಿ, ಬಾಯಲ್ಲಿ ಬಿಡಿ" ಎಂದರು ಲೆಕ್ಕದ ಮೇಡಂ. ಶಕ್ತಿ ಬರಲೆಂದು ವಿಜ್ಞಾನದ ಮೇಷ್ಟ್ರು ತುರುಕಿದ ಬಾಳೆಹಣ್ಣುಗಳು ಅತ್ತ ಎಳೆಯಲೂ ಬಿಡದೆ ಇತ್ತ ಬಿಡಲೂ ಬಿಡದೆ ಗಂಟಲಲ್ಲಿ ನಿಂತವು. ಡ್ರಿಲ್ ಮೇಷ್ಟ್ರು ತಮ್ಮ ಶೂಗಳನ್ನೇ ಬಿಚ್ಚಿ ಕೊಟ್ಟರು. ಅದರೊಳಗೆ ಮೇಷ್ಟ್ರ ಪಾದಗಳು ದೊಡ್ಡ ಮನೆಗೆ ಬಂದ ಬಡ ನೆಂಟರಂತೆ ಒಂದು ಮೂಲೆ ಹಿಡಿದವು.

ಅಕ್ಕನ ಪಟ್ಟಿ ಮಣಿಕಟ್ಟಿಗೆ ಕಟ್ಟಿಕೊಂಡು ಅಭ್ಯಾಸಕ್ಕೆ ಇಳಿದಾಗಲೇ ನಿಜವಾದ ಸಂಕಟ ತಿಳಿದದ್ದು. ಜೊತೆಗಾರನಾದವನು ದಾರಿ ಕೂಗಿ ಹೇಳಬೇಕು. ಕಪಾಟುಗಳ ನಡುವೆ ಆಯುಷ್ಯ ಸವೆಸಿದ ಮೇಷ್ಟ್ರ ದನಿ ಪಿಸುಮಾತಿಗಿಂತ ಮೇಲೆ ಏಳುತ್ತಲೇ ಇರಲಿಲ್ಲ.

"ಎಡಕ್ಕೆ ಮರಿ."

"ಏನ್ ಸಾರ್?" ಎನ್ನುವಷ್ಟರಲ್ಲಿ ಇಬ್ಬರೂ ಬ್ಯಾಂಡಿನ ಡೋಲಿನ ಮೇಲಿದ್ದರು.

"ಜೋರಾಗಿ ಹೇಳಿ ಸಾರ್!"

"ಇದೇ ಜೋರು ಮರಿ."

ಓಟ ಶುರುವಾಯಿತು. ಸೀಟಿ ಕೂಗಿತು, ಬಾವುಟ ಇಳಿಯಿತು, ಅಪ್ಪ ಅಮ್ಮಂದಿರು, ಮಕ್ಕಳು, ಆಯಾಗಳು ಒಟ್ಟಿಗೆ ಅರಚಿದರು. ಮಿಂಚುಳ್ಳಿಯ ಅಜ್ಜಿಯೊಬ್ಬರೇ ಅರ್ಧ ಮೈದಾನದಷ್ಟು ಕೂಗುತ್ತಿದ್ದರು. ಮೇಷ್ಟ್ರು "ಎಡಕ್ಕೆ" ಎಂದದ್ದು ಅವರಿಗೇ ಕೇಳಿಸಲಿಲ್ಲ. ತಿರುವಿನಲ್ಲಿ ಹುಡುಗಿ ನಿಧಾನಿಸಿದಳು, ನಿಂತೇಬಿಟ್ಟಳು. ಸದ್ದು ಎಲ್ಲ ದಿಕ್ಕಿಂದಲೂ ಬರುತ್ತಿತ್ತು, ಮುಖ ಅತ್ತಿತ್ತ ಹೊರಳುತ್ತಿತ್ತು. ಉಳಿದವರು ಆಗಲೇ ದೂರ.

ಭಗವಂತನೇ, ಈ ಮಗುವಿಗೆ ದಾರಿ ತೋರಿಸು ಎಂದುಕೊಂಡ ಮೇಷ್ಟ್ರಿಗೆ ಬೇರೇನೂ ಹೊಳೆಯಲಿಲ್ಲ. ಮೈದಾನದ ಕಡೆ ತಿರುಗಿ, ತುಟಿಗೆ ಬೆರಳಿಟ್ಟು, ದಿನವೂ ಮಾಡುವುದನ್ನೇ ಮಾಡಿದರು.

"ಶ್ಶ್!"

ಹತ್ತಿರದ ಮಕ್ಕಳ ಬಾಯಿ ಟಪ್ಪನೆ ಮುಚ್ಚಿತು. ಅವರನ್ನು ಕಂಡು ಆಚೆಯವರದು, ಅವರನ್ನು ಕಂಡು ದೊಡ್ಡವರದು. ಅಜ್ಜಿಯ ಬಾಯನ್ನು ಯಾರೋ ಕೈಯಿಂದಲೇ ಮುಚ್ಚಿದರು. ಮೈಕು ಕೂಡ ಕೆಮ್ಮಿ ಸುಮ್ಮನಾಯಿತು. ಅಷ್ಟೇ ಅಲ್ಲ, ಮುಂದೆ ಓಡುತ್ತಿದ್ದ ಮಕ್ಕಳೂ ಬೆಚ್ಚಿ, ಲೈಬ್ರರಿಯೊಳಗೆ ಬಂದವರಂತೆ ತುದಿಗಾಲಲ್ಲಿ ನಡೆಯತೊಡಗಿದರು!

"ಬಾ ಮರಿ, ಎಡಕ್ಕೆ... ಈಗ ನೇರ" ಎಂದರು ಮೇಷ್ಟ್ರು. ಈಗ ಅದು ಗಂಟೆಯಂತೆ ಕೇಳಿಸಿತು.

ಮಿಂಚುಳ್ಳಿ ಹಾರಿದಳು. ತುದಿಗಾಲಿನವರನ್ನೆಲ್ಲ ಹಿಂದೆ ಹಾಕಿದಳು. ಮೇಷ್ಟ್ರು ಓಡಿದರೋ, ಅವಳು ಎಳೆದೊಯ್ದಳೋ, ಹೇಳುವುದು ಕಷ್ಟ. ಕೊನೆಯ ಗೆರೆ ಹತ್ತಿರವಾದಾಗ ಒಂದು ಶೂ ಅವರನ್ನು ಬಿಟ್ಟು ತನ್ನ ದಾರಿ ಹಿಡಿಯಿತು. ಮೇಷ್ಟ್ರು ಮುಗ್ಗರಿಸಿ, ಹಾರಿ, ಜಾರಿಬಿಟ್ಟ ಮೂಟೆಯಂತೆ ಹೊಟ್ಟೆಯ ಮೇಲೆ ಗೆರೆ ದಾಟಿದರು. ಹಿಂದೆಯೇ ನೆಟ್ಟಗೆ ಮಿಂಚುಳ್ಳಿ.

ಯಾರೂ ಉಸಿರೆತ್ತಲಿಲ್ಲ. ಮೇಷ್ಟ್ರು ಮಣ್ಣಿಂದ ಮುಖವೆತ್ತಿ "ಆಯ್ತು, ಇನ್ನು ಮಾತಾಡ್ಬಹುದು" ಎಂದ ಮೇಲೆಯೇ ಮೈದಾನ ಕಟ್ಟೆಯೊಡೆದದ್ದು.

ಆ ಸದ್ದಿನ ನಡುವೆ ಡ್ರಿಲ್ ಮೇಷ್ಟ್ರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಸಾರ್, ಬೇಜಾರಾಗ್ಬೇಡಿ. ಓಡೋರಿಗಿಂತ ಮೊದಲು ಜೊತೆಗಾರ ಗೆರೆ ದಾಟೋ ಹಾಗಿಲ್ಲ. ನಿಮ್ಮ ಮೂಗು ಮೊದಲು ದಾಟಿಬಿಡ್ತು."

"ಅಂದ್ರೆ?"

"ಓಟ ಲೆಕ್ಕಕ್ಕಿಲ್ಲ."

ಮೇಷ್ಟ್ರ ಕಣ್ಣು ತುಂಬಿತು. ಮಂಡಿಯ ನೋವು ಬೇರೆ, ಇದು ಬೇರೆ. ತಮ್ಮ ಮೂಗಿನ ಮೇಲೆ ಅವರಿಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ಆದರೆ ಹೆಡ್ ಮೇಡಂ ಬಿಡುವವರಲ್ಲ.

"ತಪ್ಪು ಮಗೂದಲ್ಲ. ಎಲ್ಲರೂ ನೀರು ಕುಡೀಲಿ, ಇನ್ನೊಂದ್ಸಲ ಓಡ್ಸೋಣ. ಚಿತ್ರಕಲೆ ಮೇಡಂ ಈಗಷ್ಟೇ ಬಂದ್ರು, ಎತ್ತರ ಅಷ್ಟೇ ಇದ್ದಾರೆ, ದಿನಾ ಓಡೋ ಅಭ್ಯಾಸಾನೂ ಇದೆ."

ಭಗವಂತ ದೊಡ್ಡವನು! ಮೇಷ್ಟ್ರು ಮಲಗಿದ್ದಲ್ಲಿಂದಲೇ ಪಟ್ಟಿಯ ಗಂಟು ಬಿಚ್ಚತೊಡಗಿದರು. ಮಿಂಚುಳ್ಳಿಯ ಕೈ ಅವರ ಕೈಯನ್ನು ತಡೆಯಿತು.

"ಬೇಡ ಮೇಡಂ. ನಂಗೆ ಸಾರೇ ಬೇಕು."

"ಯಾಕಮ್ಮಾ? ಇವರು ಬೀಳ್ತಾರಲ್ಲೇ."

"ಬೀಳ್ಲಿ ಬಿಡಿ. ಯಾವಾಗ್ಲೂ ಎಲ್ಲರೂ ಕೂಗ್ತಾನೇ ಇರ್ತಾರೆ ಮೇಡಂ. ಇವತ್ತು ನನ್ನ ಕಾಲಿನ ಸದ್ದು ನಂಗೇ ಕೇಳಿಸ್ತು. ಎಷ್ಟು ಜೋರಾಗಿ ಓಡ್ತೀನಿ ನಾನು!"

ಹೆಡ್ ಮೇಡಂ ಚಿತ್ರಕಲೆ ಮೇಡಂಗೆ ಕೂರುವಂತೆ ಸನ್ನೆ ಮಾಡಿದರು.

ಮೇಷ್ಟ್ರು ನಿಟ್ಟುಸಿರು ಬಿಟ್ಟು ಎದ್ದು ಕೂತು ಕೈ ಮುಂದೆ ಚಾಚಿದರು. ಮಿಂಚುಳ್ಳಿ ಪಟ್ಟಿಯನ್ನು ಮೊದಲಿಗಿಂತ ಗಿಡ್ಡ ಮಾಡಿ ಬಿಗಿಯಾಗಿ ಎಳೆದು ಕಟ್ಟಿದಳು.

"ಈ ಸಲ ಎರಡು ಗಂಟು ಸಾರ್" ಎಂದಳು. "ನೀವು ಬಿದ್ರೂ ನನ್ನ ಹಿಂದೇನೇ ಬೀಳ್ಬೇಕು."