ಮಾಜಿ ಗಂಡನಿಗೊಂದು ಬಾಡಿಗೆ ಮನೆ

ಮನೆಗೆ ಗೆದ್ದಲು ಹಿಡಿದರೆ ಹೊಡೆಯಲು ಔಷಧಿಯಿದೆ. ಹಾವು ಬಂದರೆ ಫೋನು ಮಾಡಿದ ಕೂಡಲೇ ಬೈಕಿನಲ್ಲಿ ಬಂದು, ಬಾಲ ಹಿಡಿದುಕೊಂಡು ಫೋಟೋ ತೆಗೆಸಿ, ಚೀಲದಲ್ಲಿ ಹಾಕಿಕೊಂಡು ಹೋಗುವ ಉತ್ಸಾಹಿಗಳು ನಮ್ಮ ನಾವುಂದದಲ್ಲೇ ಇದ್ದಾರೆ. ಆದರೆ ಕೋರ್ಟಿನಲ್ಲಿ ವಿಚ್ಛೇದನವಾದ ಮೇಲೂ ಹೊರಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಮಲಗಿರುವ ಗಂಡನನ್ನು ಕಳಿಸಿಕೊಡಲು ಯಾರಿಗೆ ಫೋನು ಮಾಡಬೇಕು? ವಕೀಲರನ್ನು ಕೇಳಿದೆ. "ಅದಕ್ಕೂ ಒಂದು ಕೇಸು ಹಾಕಬಹುದು ಮೇಡಂ" ಎಂದು ಅವರು ಉಲ್ಲಾಸದಿಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಾನು ನನ್ನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಬಂದೆ.

ನಾನೂ ಸುಧಾಕರನೂ ಯಾಕೆ ಬೇರೆಯಾದೆವು ಎಂದು ಕೇಳಬೇಡಿ. ಮೊದಮೊದಲು ಕೇಳಿದವರಿಗೆಲ್ಲ ಒಂದು ಕತೆ ಹೇಳುತ್ತಿದ್ದೆ. ಹೇಳಿ ಹೇಳಿ ಅದು ಎಷ್ಟು ನುಣುಪಾಯಿತೆಂದರೆ ನನಗೇ ಅದರ ಮೇಲೆ ಅನುಮಾನ ಬಂದು ಬಿಟ್ಟುಬಿಟ್ಟೆ. ನಡೆದದ್ದು ಅಷ್ಟು ಚೆಂದಕ್ಕೆ ಜೋಡಿಸಿಕೊಂಡು ನಡೆದಿರಲಾರದು. ನೆನಪಿರುವುದು ಒಂದೇ: ಕುಂದಾಪುರದ ಕೋರ್ಟಿಗೆ ಕೊನೆಯ ಸಲ ಹೋಗುವ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹಾಗಾಗಿ ಅವನ ಮೀನಿನ ವ್ಯಾನಿನಲ್ಲೇ ಇಬ್ಬರೂ ಹೋದೆವು. ಬರುವಾಗಲೂ ಅದರಲ್ಲೇ ಬಂದೆವು. ದಾರಿಯಲ್ಲಿ ಹೆಮ್ಮಾಡಿಯಲ್ಲಿ ಚಾ ಕುಡಿದೆವು ಎಂದು ನನ್ನ ನೆನಪು. ತ್ರಾಸಿಯಲ್ಲಿ ಎಂದು ಅವನ ವಾದ. ವಿಚ್ಛೇದನದ ಚಾ ಎಲ್ಲಿ ಕುಡಿದೆವು ಎಂದು ವಿಚ್ಛೇದನದ ನಂತರ ವಾರಗಟ್ಟಲೆ ಜಗಳಾಡಿದವರು ಈ ಕರಾವಳಿಯಲ್ಲಿ ನಾವಿಬ್ಬರೇ ಇರಬೇಕು.

ಮನೆ ನನ್ನ ಅಬ್ಬಿಯದು, ಎಂದರೆ ನನ್ನ ತಾಯಿಯದು. ಅವಳಿಗೆ ಅವಳ ತಾಯಿಯಿಂದ ಬಂದದ್ದು. ಮದುವೆಯಾದ ಮೇಲೆ ಸುಧಾಕರ ಒಂದು ಟ್ರಂಕು ಹಿಡಿದುಕೊಂಡು ಇಲ್ಲಿಗೇ ಬಂದ. ನಮ್ಮ ಕಡೆ ಅದರಲ್ಲಿ ಆಶ್ಚರ್ಯವೇನಿಲ್ಲ. ಬೆಳಗಿನ ಜಾವ ವ್ಯಾನು ತೆಗೆದುಕೊಂಡು ಗಂಗೊಳ್ಳಿ ಬಂದರಿಗೆ ಹೋಗಿ, ಮೀನು ಕೊಂಡು ಹೋಟೆಲುಗಳಿಗೆಲ್ಲ ಹಾಕಿ, ಒಳ್ಳೆಯದರಲ್ಲಿ ಒಳ್ಳೆಯದನ್ನು ಅಬ್ಬಿಗೆ ತಂದುಕೊಡುವುದು ಅವನ ಕ್ರಮ. ವಿಚ್ಛೇದನದ ಮಾರನೆಯ ದಿನವೂ ತಂದ. ದೊಡ್ಡ ದೊಡ್ಡ ಬಂಗಡೆ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, "ಇನ್ನು ಅವ ತಂದ ಮೀನ್ ನಮ್ಗೆ ಬ್ಯಾಡ ಅಬ್ಬಿ" ಎಂದೆ. ಅಬ್ಬಿ ತಲೆಯೆತ್ತದೆ ಮೀನು ಕೊಯ್ಯುತ್ತಾ, "ಕೋರ್ಟಿನರ್ ಬ್ಯಾರೆ ಮಾಡದ್ ನಿಮ್ಮಿಬ್ರನ್ನ. ನಂಗೂ ಅವಂಗೂ ಎಂತದೂ ಮಾಡ್ಲಿಲ್ಲೆ" ಎಂದಳು.

ಅವನು ಹೋಗುವುದಿಲ್ಲ ಎಂದೇನೂ ಹೇಳಿರಲಿಲ್ಲ. ಹಾಗೆ ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಿತ್ತು. "ಹೋತೆ ಮಾರಾಯ್ತಿ, ಒಂದ್ ಮನಿ ಸಿಕ್ಲಿ" ಎನ್ನುತ್ತಿದ್ದ. ಮನೆ ಸಿಗುವ ಲಕ್ಷಣ ಕಂಡರೆ ಅಬ್ಬಿ ಪಂಚಾಂಗ ತೆಗೆಯುತ್ತಿದ್ದಳು. "ಆಸಾಡಿಯಂಗ್ ಯಾರಾರೂ ಮನಿ ಬದಲ್ಸ್ತ್ರಾ?" ಆಷಾಢ ಮುಗಿದರೆ ಸೋಣೆ ತಿಂಗಳು, ಸೋಣೆ ಮುಗಿದರೆ ಪಿತೃಪಕ್ಷ. ಅವನ ಗ್ರಹಗಳೆಲ್ಲ ನನ್ನ ಹೊರಕೋಣೆಯಲ್ಲೇ ಸಾಲಾಗಿ ಕೂತಿದ್ದವು.

ನನಗೆ ಆ ಕೋಣೆ ಬೇಕಿತ್ತು. ನಾನು ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಎಷ್ಟೋ ವರ್ಷ ಬಸ್ಸಿನಲ್ಲಿ ನೇತಾಡಿದ ಮೇಲೆ ಲ್ಯಾಬಿನ ಯಜಮಾನರು, ನಿಮ್ಮ ಮನೆ ಹೆದ್ದಾರಿ ಪಕ್ಕದಲ್ಲೇ ಇದೆಯಲ್ಲ, ಅಲ್ಲೇ ರಕ್ತ ತೆಗೆದು ನಮಗೆ ಕಳಿಸುವ ಒಂದು ಕಲೆಕ್ಷನ್ ಸೆಂಟರ್ ತೆರೆಯಿರಿ ಎಂದಿದ್ದರು. ದೀಪಾವಳಿಯೊಳಗೆ ಕೋಣೆ ತಯಾರಾಗದಿದ್ದರೆ ಬೈಂದೂರಿನಲ್ಲಿ ಬೇರೆಯವರಿಗೆ ಕೊಡುತ್ತೇನೆ ಎಂದೂ ಹೇಳಿದ್ದರು. ಅಂದಿನಿಂದ ನನ್ನ ಎದೆ ನನ್ನ ಹಿಡಿತದಲ್ಲಿರಲಿಲ್ಲ. ಲ್ಯಾಬಿನಲ್ಲಿ ಯಾರೂ ಇಲ್ಲದಾಗ ನನ್ನ ಬಿಪಿ ನಾನೇ ನೋಡಿಕೊಳ್ಳುತ್ತಿದ್ದೆ. ನೋಡಿದ ಮೇಲೆ ಹೆದರಿಕೆಯಾಗಿ ಇನ್ನೊಮ್ಮೆ ನೋಡಿದರೆ ಇನ್ನೂ ಹೆಚ್ಚು ಬರುತ್ತಿತ್ತು. ಮನೆಯಲ್ಲಿ ಹೊರಕೋಣೆಯಿಂದ ಕೆಮ್ಮು ಕೇಳಿದರೆ, ಇನ್ನೂ ಇದ್ದಾನಲ್ಲ ಎಂದು ಎದೆ ಡವಡವ. ಕೆಮ್ಮು ಕೇಳದಿದ್ದರೆ, ಏನಾದರೂ ಆಯಿತೋ ಎಂದು ಮತ್ತೂ ಡವಡವ. ಏನಾದರೂ ಆಗಿದ್ದರೆ ಆಮೇಲೆ ಕಳಿಸಲಿಕ್ಕೇ ಆಗುವುದಿಲ್ಲವಲ್ಲ, ನೋಡಿಕೊಳ್ಳಬೇಕಾಗುತ್ತದೆ.

ಕೊನೆಗೆ ಅವನಿಗಾಗಿ ನಾನೇ ಮನೆ ಹುಡುಕಲು ಹೊರಟೆ. ಕುಂದಾಪುರ, ಕೋಟೇಶ್ವರ, ಎಲ್ಲ ಕಡೆ ಒಂದೇ ಉತ್ತರ: ಫ್ಯಾಮಿಲಿಗೆ ಮಾತ್ರ. ಒಂಟಿ ಗಂಡಸು, ಅದರಲ್ಲೂ ಮೀನಿನ ವ್ಯಾನಿನ ಒಂಟಿ ಗಂಡಸು ಎಂದರೆ ಗೇಟಿನ ಚಿಲಕವೇ ತೆರೆಯುತ್ತಿರಲಿಲ್ಲ. ಅಷ್ಟರಲ್ಲಿ ಅವನು ಮಲ್ಪೆ ಬಂದರಿಗೆ ಹೋಗಲು ಶುರುಮಾಡಿದ್ದ. ಆ ದಾರಿಯ ಬ್ರಹ್ಮಾವರದಲ್ಲಿ ಒಂದು ಮನೆಯಿದೆ, ಯಜಮಾನಿತಿ ಸರಸಕ್ಕ ಎಂಬವರು ಮೀನು ತಿನ್ನುವವರೇ, ವ್ಯಾನು ನಿಲ್ಲಿಸಲೂ ಜಾಗ ಇದೆ ಎಂದು ಒಂದು ದಿನ ಹೇಳಿದ. ನನಗೆ ಕುಣಿಯುವ ಹಾಗಾಯಿತು. ಆಮೇಲೆ ಚಾವಡಿ ಕಂಬವನ್ನು ಉಗುರಿನಿಂದ ಕೆರೆಯುತ್ತಾ, "ಒಂದ್ ಸಣ್ಣ ವಿಷ್ಯ ಇತ್ತ್. ನೀನೂ ಬರ್ಕಾತ್ತ್" ಎಂದ.

"ನಾ ಎಂತಕ್ಕೆ?"

"ಹೆಂಡ್ತಿ ಇದ್ಲಾ ಕೇಂಡ್ರ್. ಇದ್ಲ್ ಅಂದೆ."

"ಯಾರಾ ಹೆಂಡ್ತಿ?"

"ಹಾಂಗ್ ಕೇಂಡ್ರೆ ನಾ ಎಂತ ಹೇಳುದ್? ಒಂದ್ ಗಳ್ಗಿ ಬಂದ್ ಮುಖ ತೋರ್ಸಿ ಹೋಗ್. ಇಲ್ದಿರೆ ಬ್ಯಾಡ. ನಂಗೆ ಇಲ್ಲಿ ಎಂತ ತೊಂದ್ರಿ ಇಲ್ಲೆ."

ಆ ಕೊನೆಯ ಮಾತು ಕೇಳಿದ್ದೇ ನಾನು ಸೀರೆ ಉಡಲು ಒಳಗೆ ಹೋದೆ. ಕೋರ್ಟಿಗೆ ಉಟ್ಟ ಸೀರೆಯನ್ನೇ ಉಟ್ಟೆ ಎಂದು ಬರೆಯಲು ಕೈ ಓಡುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಕೋರ್ಟಿಗೆ ಯಾವುದನ್ನು ಉಟ್ಟಿದ್ದೆನೋ ನನಗೆ ನೆನಪಿಲ್ಲ. ಕೈಗೆ ಸಿಕ್ಕಿದ್ದನ್ನು ಉಟ್ಟೆ.

ಸರಸಕ್ಕ ಸಣ್ಣ ಜೀವ, ದೊಡ್ಡ ಧ್ವನಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬನ್ನಿ, ಕೂಕಣಿ. ಎಂತಕೆ ಇಷ್ಟ್ ಬೆಗರ್ತ್ರಿ?" ಎಂದರು. ನಾನು ನಿಜಕ್ಕೂ ಬೆವರುತ್ತಿದ್ದೆ. ಕೆಲಸ ಬಿಡಲಾಗುವುದಿಲ್ಲ, ತಾಯಿಗೆ ವಯಸ್ಸಾಗಿದೆ, ಹಾಗಾಗಿ ನಾನು ಬಂದು ಹೋಗಿ ಮಾಡುವವಳು ಎಂದು ದಾರಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ. ಅವರು ಒಪ್ಪಿದರು. ಆದರೆ, "ಹಾಲ್ ಉಕ್ಸುದ್ ಮಾತ್ರ ಮನಿ ಹೆಂಗ್ಸೇ ಆಯ್ಕ್. ಹಾಲುಕ್ದೆ ನಮ್ಮನಿಗೆ ಯಾರೂ ಬಂದದ್ದಿಲ್ಲೆ" ಎಂದು, ನಾಳೆಯ ದಿನವೇ ಒಳ್ಳೆಯದಿದೆ ಎಂದೂ ಹೇಳಿಬಿಟ್ಟರು. ಹೊಸ ಮನೆಗೆ ಕಾಲಿಡುವಾಗ ಮೊದಲು ಒಲೆಯ ಮೇಲೆ ಹಾಲಿಟ್ಟು ಉಕ್ಕಿಸುವುದು ಎಲ್ಲರೂ ಮಾಡುವುದೇ. ಆದರೆ ಹೊರಗೆ ಹಾಕಿದ ಗಂಡನಿಗಾಗಿ ಹಾಲುಕ್ಕಿಸಿದವಳನ್ನು ನಾನು ಕೇಳಿಲ್ಲ.

ಉಕ್ಕಿಸಿದೆ. ಅಬ್ಬಿ ಹೊಸ ಪಾತ್ರೆ ಕೊಟ್ಟು, ಕಾಯಿ ಬೆಲ್ಲ ಕಟ್ಟಿ, ಮದುವೆಗೆ ಕಳಿಸುವವಳ ಹಾಗೆ ಕಣ್ಣು ಒರೆಸಿಕೊಂಡು ಕಳಿಸಿದಳು. ಒಲೆಯ ಮುಂದೆ ನಿಂತು, ಉಕ್ಕದಿದ್ದರೆ ಇವರು ಮನೆ ಕೊಡುವುದಿಲ್ಲವೋ ಏನೋ ಎಂದು ಉರಿ ಹೆಚ್ಚು ಮಾಡುತ್ತಲೇ ಇದ್ದೆ. ಹಾಲು ಪೂರ್ವಕ್ಕೆ ಚೆಂದ ಉಕ್ಕಿತು ಎಂದು ನನ್ನ ನೆನಪು. ಉಕ್ಕಲೇ ಇಲ್ಲ, ನೀನು ಹೆದರಿ ಸೌಟಿನಿಂದ ಹೊರಗೆ ಚೆಲ್ಲಿದೆ ಎಂದು ಸುಧಾಕರ ಹೇಳುತ್ತಾನೆ. ಸರಸಕ್ಕನ ಪ್ರಕಾರ ಎಲ್ಲ ದಿಕ್ಕಿಗೂ ಉಕ್ಕಿತು, ಅಂಥದ್ದನ್ನು ಅವರು ನೋಡಿಯೇ ಇರಲಿಲ್ಲ.

ಅಂತೂ ಅವನು ಹೋದ. ಹೊರಕೋಣೆಗೆ ಸುಣ್ಣವಾಯಿತು, ಬೋರ್ಡು ಬಂತು. ಮೊದಲ ಬೆಳಗ್ಗೆಯೇ ಬರಿಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬಂದವರು ಜಗಲಿಯ ಮೇಲೆ ಸಾಲಾಗಿ ಕುಳಿತು ಚಾ ಕುಡಿಯದ ಸಿಟ್ಟಿನಲ್ಲಿ ನನ್ನನ್ನು ನೋಡಿದರು. ಅಂಥ ಸುಖ ನಾನು ಕಂಡದ್ದೇ ಇಲ್ಲ. ಆದರೆ ಆ ವಾರವೇ ಸರಸಕ್ಕನ ಫೋನು ಶುರುವಾಯಿತು.

"ಹ್ವಾಯ್, ನಿಮ್ ಗಂಡ ನೀರಿನ್ ಪಂಪ್ ಹಾಕಿ ಮನೀಕಂಡ್ರ್, ಟ್ಯಾಂಕಿ ತುಂಬಿ ಅಂಗಳ ಹೊಳಿ ಆಯ್ತ್. ಹೇಳಿ ಕಾಂಬ ನೀವ್." ನಾನು ಅವನಿಗೆ ಫೋನು ಮಾಡಿ ಬೈದೆ. ಬೈಯುವ ಅಧಿಕಾರ ನನಗಿಲ್ಲ ಎಂಬುದು ಅರ್ಧ ಬೈದಾದ ಮೇಲೆ ನೆನಪಾಯಿತು. ಇನ್ನೊಮ್ಮೆ, ನಿಮ್ಮ ಗಂಡ ಒಗೆದು ಹಾಕಿದ ಬಟ್ಟೆ ಎತ್ತಿಲ್ಲ. ಮತ್ತೊಮ್ಮೆ, ಅವರು ಸಪೂರ ಆಗಿ ಕಡ್ಡಿಯಂತಾಗಿದ್ದಾರೆ, ನೀವು ಬಂದು ಹೋಗಿ ಮಾಡುವುದು ಸಾಲದು. ಒಂದೇ ಕೋಣೆಯಲ್ಲಿದ್ದ ಗಂಡ ಈಗ ನನಗೆ ಒಂದಿಡೀ ಮನೆಯಷ್ಟಾಗಿದ್ದ. ಒಬ್ಬರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ನರ ಹುಡುಕುತ್ತಿರುವಾಗಲೂ ನನ್ನ ಕಿವಿ ಫೋನಿನ ಕಡೆಗೇ.

ಮೊನ್ನೆಯ ಫೋನಿನಲ್ಲಿ ಸರಸಕ್ಕನ ದೊಡ್ಡ ಧ್ವನಿ ಸಣ್ಣದಾಗಿತ್ತು. "ಹೇಳುಕೆ ಬೇಜಾರ್. ನಿಮ್ ಗಂಡನ್ನ ಕೇಂಡ್ಕಂಡ್ ಒಂದ್ ಹೆಂಗ್ಸ್ ಬಂದಿತ್ತ್. ಕೈಯಂಗ್ ಟಿಫಿನ್ ಬುತ್ತಿ. ನಾನ್ ಗೇಟಂಗೇ ನಿಲ್ಸಿ, ಅವ್ರಿಗ್ ಹೆಂಡ್ತಿ ಇತ್ತ್, ಹೋಯ್ನಿ ಅಂದ್ ಕಳ್ಸದೆ. ನೀವ್ ಹೆದ್ರ್ಬ್ಯಾಡಿ, ನಾ ಇದ್ದೆ. ಆರೆ ನೀವ್ ನಾಕ್ ದಿನ ಬಂದ್ ಕೂಕಣಿ ಇಲ್ಲಿ. ಇಲ್ದಿರೆ ನಂಗೆ ಈ ರಗಳಿ ಬ್ಯಾಡ, ಮನಿ ಖಾಲಿ ಮಾಡ್ಸ್ತೆ."

ನಾನು ಕೂಡಲೇ ಸುಧಾಕರನಿಗೆ ಫೋನು ಮಾಡಿದೆ. ಯಾರದು ಎಂದು ಕೇಳಿದೆ. ಮಲ್ಪೆಯಲ್ಲಿ ಮೀನು ಏಲಂ ಕೂಗುವ ಕಡೆ ಪರಿಚಯ, ಒಳ್ಳೆಯ ಜನ, ಮುಂದೆ ಏನಾದರೂ ಆದರೂ ಆಗಬಹುದು ಎಂದ. ನನಗೆ ನಿಜವಾಗಿ ಸಂತೋಷವಾಗಬೇಕಿತ್ತು. ಅವನಿಗೊಂದು ಸಂಸಾರವಾದರೆ ನನ್ನ ಕೋಣೆ ಶಾಶ್ವತವಾಗಿ ನನ್ನದು. "ಹಾಂಗಾರೆ ಸರಸಕ್ಕನ ಹತ್ರ ನಿಜ ಹೇಳ್ವ" ಎಂದೆ.

"ಹೇಳ್. ಹೇಳ್ರೆ ಇವತ್ತೇ ಖಾಲಿ ಮಾಡ್ಸ್ತ್ರ್. ಮತ್ತೆ ನಾ ಎಲ್ಲಿಗ್ ಹೋಪ್ದ್? ಅಬ್ಬಿ ಬಾ ಅಂತೇ ಇದ್ಲ್."

ಜಗಲಿಯ ಮೇಲೆ ಬರಿಹೊಟ್ಟೆಯವರು ಕಾಯುತ್ತಿದ್ದರು. ಅವರ ರಕ್ತ ತೆಗೆದು ಕಳಿಸಿ, ನಾಲ್ಕು ದಿನ ರಜೆ ಎಂದು ಬಾಗಿಲಿಗೆ ಚೀಟಿ ಅಂಟಿಸಿ, ಬ್ಯಾಗಿಗೆ ಬಟ್ಟೆ ತುಂಬಿದೆ. ಕಾಯಿ ಹೆರೆಯುತ್ತಿದ್ದ ಅಬ್ಬಿ, "ಎಲ್ಲಿಗ್ ಹೊರಟದ್?" ಎಂದಳು.

"ಗಂಡನ ಮನಿಗೆ!" ಎಂದು ಕೂಗಿದೆ.

ಅಬ್ಬಿ ಕೈ ನಿಲ್ಲಿಸಿ, "ಆಯ್ಲಿ. ಬಪ್ಪತಿಗೆ ಮಲ್ಪಿ ಮೀನ್ ತಕಂಡ್ ಬಾ" ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸರಸಕ್ಕ ನಂಬುವ ಹಾಗೆ, ಗಂಡನ ಮೇಲೆ ಸಂಶಯಪಡುವ ಹೆಂಡತಿಯ ಮುಖ ಮಾಡಿಕೊಂಡು ಇಳಿಯಬೇಕಿತ್ತು. ಸಂಸಾರ ಮಾಡಿದಷ್ಟು ಕಾಲವೂ ಅಂಥ ಮುಖದ ಅಗತ್ಯ ನನಗೆ ಬಿದ್ದಿರಲಿಲ್ಲ, ಅಥವಾ ಬಿದ್ದಿರಲಿಲ್ಲ ಎಂದು ಈಗ ಅನಿಸುತ್ತದೆ. ಕಿಟಕಿಯ ಗಾಜು ನೋಡಿಕೊಂಡು ಅಭ್ಯಾಸ ಮಾಡುತ್ತಾ ಹೋದೆ. ಕುಂದಾಪುರ ಬರುವಷ್ಟರಲ್ಲಿ ಮುಖ ಚೆನ್ನಾಗಿ ಬಂತು. ಇನ್ನು ಬ್ರಹ್ಮಾವರದವರೆಗೆ ಆರಾಮವಾಗಿ ಕೂರೋಣವೆಂದು ಸಡಿಲಿಸಲು ನೋಡಿದೆ. ಕೋಟ ದಾಟಿದರೂ ಅದು ಹೋಗಲಿಲ್ಲ.