ಮಸರಕಲ್ಲಿನ ಹೊಲಕ್ಕೆ ಬಂದ ಪೋಲೆಂಡಿನ ದೊರೆ

ನನ್ನ ದೊಡ್ಡ ಮಾಮ ಪೋಲೆಂಡ್ ದೇಶದ ಪ್ರಜೆ! ಆಧಾರ್ ಕಾರ್ಡಿನಲ್ಲಿ ಮಾತ್ರ ಮಾನ್ವಿ ಅಂತಿದೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದ ಈ ಮೇಷ್ಟ್ರಿಗೆ ನಮ್ಮ ಸೀಮೆಯ ಸುಲ್ತಾನರು, ನಿಜಾಮರು ಯಾರೂ ಹಿಡಿಸಲಿಲ್ಲ. ಹಿಡಿಸಿದವನು ಒಂಬತ್ತು ಶತಮಾನದ ಹಿಂದಿನ ಪೋಲೆಂಡಿನ ಒಬ್ಬ ದೊರೆ. ಬಾಯಿ ವಾರೆಯಾಗಿತ್ತಂತೆ, ಅದಕ್ಕೇ ಜನ ಅವನನ್ನು ಸೊಟ್ಟಬಾಯಿ ಅಂತಿದ್ದರಂತೆ.

ಈ ಸೊಟ್ಟಬಾಯಿ ರಾಜ್ಯಕ್ಕಾಗಿ ಅಣ್ಣನ ಕಣ್ಣು ಕೀಳಿಸಿದ. ಆಮೇಲೆ ಮಾಡಿದ ಪಾಪಕ್ಕೆ ಮರುಗಿ ಬರಿಗಾಲಲ್ಲಿ ಯಾತ್ರೆ ಹೋದ. ತನ್ನ ಮಕ್ಕಳು ಹಾಗೆ ಬಡಿದಾಡಬಾರದೆಂದು ಸಾಯುವ ಮೊದಲೇ ರಾಜ್ಯ ಹಂಚಿದ. ಮಕ್ಕಳು ಇನ್ನೂ ಜೋರಾಗಿ ಬಡಿದಾಡಿದರು! ಇದರ ಮೇಲೆ ಮಾಮ ಇನ್ನೊಂದು ಮಾತು ಹೇಳುತ್ತಾನೆ. ಅಷ್ಟೊತ್ತಿಗೆ ಕೇಳುವವರು ಎದ್ದು ಹೋಗಿರುತ್ತಾರೆ.

ಒಮ್ಮೆ ರಾಯಚೂರು ಬಸ್ಸಿನಲ್ಲಿ ಅಣ್ಣತಮ್ಮಂದಿರಿಬ್ಬರು ಕಿಟಕಿ ಸೀಟಿಗೆ ಜಗಳ ತೆಗೆದಿದ್ದರು. "ಕೂಡ್ರಿ, ಸೊಟ್ಟಬಾಯಿ ಕತಿ ಹೇಳ್ತೀನಿ" ಅಂದ ಮಾಮ. ಕತೆ ಕಣ್ಣು ಕೀಳಿಸುವಲ್ಲಿಗೆ ಬರುವಷ್ಟರಲ್ಲಿ ಇಬ್ಬರೂ ರಾಜಿಯಾಗಿ ಹಿಂದಿನ ಸೀಟಿಗೆ ಓಡಿದರು. ಕಿಟಕಿ ಪಕ್ಕ ಮಾಮ ಕೂತ!

ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಇದೇ ಕತೆ. ಈಗ ನಮ್ಮ ಬೀಗರೆಲ್ಲ ಮಾಮನಿಗೆ ಮೊದಲು ಊಟ ಬಡಿಸಿಬಿಡುತ್ತಾರೆ.

ಹೋದ ವರ್ಷ ಮಸರಕಲ್ಲಿನಲ್ಲಿದ್ದ ಅಜ್ಜನ ಹೊಲ ಪಾಲಿಗೆ ಬಂತು. ಮಾಮಂದಿರು ನಾಲ್ವರು, ಅವರ ಬೆನ್ನಿಗೆ ಹುಟ್ಟಿದ ಕಿರಿಯಳು ನನ್ನ ಅವ್ವ. ಅಪ್ಪ ತೀರಿದ ಮೇಲೆ ರಾಯಚೂರಿನ ಬಾಡಿಗೆ ಮನೆಯಲ್ಲಿ ಜಂಪರ್ ಹೊಲಿದು ನನ್ನನ್ನು ಸಾಕಿದವಳು. ತವರಿನ ಹೊಲದಲ್ಲಿ ಒಂದು ಮೂಲೆಯಾದರೂ ತನ್ನದಾಗಲಿ ಅಂತ ಅವಳಿಗೆ ಆಸೆಯಿತ್ತು. ಕೇಳಿದರೆ ತವರೇ ತಪ್ಪಿಹೋದೀತು ಅನ್ನುವ ಅಂಜಿಕೆ ಆಸೆಗಿಂತ ದೊಡ್ಡದಿತ್ತು. ಅದಕ್ಕೇ 'ನನಗೇನೂ ಬ್ಯಾಡ' ಅಂತ ಸಹಿ ಹಾಕಲು ನನ್ನನ್ನೂ ಕರಕೊಂಡು ಬಸ್ಸು ಹತ್ತಿದಳು.

ನಮ್ಮಲ್ಲಿ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಹಿರಿಯನಿಗೆ ಕೊನೆಗೆ ಉಳಿದದ್ದು. ಮೋಸ ನಡೆಯಬಾರದಲ್ಲ! ಮಾಮ ಹೊಲದ ತುಂಬ ಸುಣ್ಣದ ಗೆರೆ ಎಳೆಸಿದ್ದ. ಎಣಿಸಿದರೆ ಪಾಲು ಐದು!

"ಯಣ್ಣಾ, ನಾಕ ಮಂದಿಗಿ ಐದು ಪಾಲೇನು? ಸೊಟ್ಟಬಾಯಿಗೂ ಒಂದು ಹಚ್ಚಿಯೇನು?" ಅಂದ ಸಣ್ಣ ಮಾಮ. ಪಂಚರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

"ಸಣ್ಣವರು ಮದಲ ಆರಿಸ್ರಿ" ಅಂದ ದೊಡ್ಡ ಮಾಮ. ಸಣ್ಣ ಮಾಮ ಮುಂದೆ ಬಂದ.

"ನೀ ಯಾವಾಗ ಸಣ್ಣಾವಾದಿಲೇ? ನಿನಗಿಂತ ಸಣ್ಣಾಕಿ ಅಲ್ಲಿ ನಿಂತಾಳ ನೋಡು. ಆ ದೊರಿ ಹಂಚೂಮುಂದ ಎಲ್ಲಾರಕಿಂತ ಸಣ್ಣ ಕೂಸಿನ್ನ ಬಿಟ್ಟಬಿಟ್ಟ. ನಾ ಹಂಗ ಮಾಡಬಾರದಂತ ಇಷ್ಟು ವರ್ಷ ಕತಿ ಹೇಳ್ಕೋತ ಬಂದೀನಿ. ಯಾರರ ಪೂರಾ ಕೇಳಿರೇನು?"

ಸಣ್ಣ ಮಾಮ ತಲೆ ಕೆರೆದುಕೊಂಡು ಹಿಂದೆ ಸರಿದ. "ಆರಿಸವ್ವಾ" ಅಂದ ಅವನೇ.

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಲ್ಲರ ಕಣ್ಣೂ ಕಾಲುವೆ ಪಕ್ಕದ ಕಪ್ಪು ನೆಲದ ಮೇಲಿತ್ತು. ಅವಳು ಅದನ್ನು ದಾಟಿ ನಡೆದಳು.

"ಯಣ್ಣಾ, ಕಡೀಕ ನಿನಗ ಯಾವುದು ಉಳೀತದ?"

"ಮತ್ಯಾವುದವ್ವಾ, ಆ ಕಲ್ಲುಭೂಮಿ. ಅದನ್ನ ಯಾರು ಆರಿಸ್ತಾರ?"

"ಹಂಗಾರ ಅದರ ಬಾಜೂಕಿಂದು ನನಗಿರ್ಲಿ. ನಿನ್ನ ಕತಿ ಪೂರಾ ಕೇಳಾಕ ಒಬ್ಬರರ ಬೇಕಲ್ಲ."